ತಲೆಗೊಂದು ಕೋಡು

1990ರಲ್ಲಿ ನನ್ನನ್ನು ಅಳಿಯನಾಗಿ ಮಾಡಿಕೊಳ್ಳಬಹುದೋ ಬೇಡವೋ ಎಂದು ತೀರ್ಮಾನಿಸಲು ಮಲ್ಲೇಶ್ವರದಿಂದ ಹೆಣ್ಣಿನ ಕಡೆಯ ಒಬ್ಬ ಸೋದರಮಾವ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದಿದ್ದರು. ಕಚ್ಚೆಪಂಚೆ, ಮುಚ್ಚುಕೋಟು, ಕೈಯಲ್ಲಿ ಕೊಡೆ. ಜಾತಕ ಕೂಡಿಬಂದಿದೆ ಎಂಬ ನೆಪದಲ್ಲಿ ಬಂದವರು ಜಾತಕದ ಮಾತೇ ಎತ್ತಲಿಲ್ಲ. ಕಾಫಿ ಲೋಟ ಕೆಳಗಿಡುವುದರೊಳಗೆ ಎರಡು ಪ್ರಶ್ನೆ ಕೇಳಿದರು. "ಹುಡುಗನ ಕೆಲಸ ಪರ್ಮನೆಂಟಾ?" ಆಮೇಲೆ, "ತಮ್ಮ ಹೆಸರಲ್ಲಿ ಸಾಲ ಗೀಲ ಏನಾದರೂ?" ಮೂರನೆಯದನ್ನು ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು: "ನಲ್ಲಿ ಮನೆಯೊಳಗಿದೆಯೋ, ಅಂಗಳದಲ್ಲೋ?"

ನಲ್ಲಿ ಅಂಗಳದಲ್ಲಿತ್ತು. ಒಂಬತ್ತು ಮನೆಗೆ ಒಂದೇ. ಆದರೆ ಕೆಲಸ ಮೈಸೂರು ಬ್ಯಾಂಕಿನಲ್ಲಿತ್ತು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಬ್ಯಾಂಕು. ಅದರ ಮುಂದೆ ನಲ್ಲಿ ಎಷ್ಟರದು? ಮದುವೆ ಆಯಿತು.

ಒಂದು ಸಂಸಾರದ ಭದ್ರತೆಯನ್ನು ಅಳೆಯಲು ಆ ಸೋದರಮಾವನಿಗೆ ಹಿಡಿದದ್ದು ಹತ್ತು ನಿಮಿಷ, ಖರ್ಚಾದದ್ದು ಒಂದು ಲೋಟ ಕಾಫಿ. ಅದೇ ಕೆಲಸಕ್ಕೆ ಕೇಂದ್ರ ಸರ್ಕಾರಕ್ಕೆ ಒಂದು ವರ್ಷ, ನಾಲ್ಕು ಭೇಟಿ ಮತ್ತು ಒಂದು ಟ್ಯಾಬ್ಲೆಟ್ ಬೇಕಾಯಿತು.

ಆ ಸರ್ಕಾರಿ ಸಮೀಕ್ಷೆಯ ಹೆಸರು ಪೀರಿಯಾಡಿಕ್ ಲೇಬರ್ ಫೋರ್ಸ್ ಸರ್ವೆ. ಬಾಯಿ ತುಂಬಾ ಬರುವ ಹೆಸರು, ಕೆಲಸದವರು ಪಿ.ಎಲ್.ಎಫ್.ಎಸ್. ಅನ್ನುತ್ತಾರೆ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕಾಲದಲ್ಲಿ, 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೊಮ್ಮಗು ಅನ್ನಬಹುದು. ಇದು ಹುಟ್ಟಿದ್ದು 2017ರ ಏಪ್ರಿಲ್‌ನಲ್ಲಿ. ಅದೇ ಏಪ್ರಿಲ್ 1ರಂದು ನಮ್ಮ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ದೇಶದಲ್ಲಿ ಯಾರ ಕೆಲಸ ಎಷ್ಟು ಗಟ್ಟಿ ಎಂದು ಸರ್ಕಾರ ಎಣಿಸಲು ಹೊರಟ ತಿಂಗಳಲ್ಲೇ ನಾನು ಗಟ್ಟಿ ಎಂದು ನಂಬಿದ್ದ ಬೋರ್ಡು ಇಳಿಯಿತು. ಸಂಬಳ ನಿಲ್ಲಲಿಲ್ಲ, ಸುಳ್ಳು ಹೇಳಬಾರದು. ಆದರೆ ಇವತ್ತಿಗೂ ಕೆಂಪೇಗೌಡ ರಸ್ತೆಯಲ್ಲಿ ಕಂಡಕ್ಟರ್ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಎಂದು ಕೂಗಿದಾಗ ನನಗೆ ಏನೋ ಆಗುತ್ತದೆ. ಬ್ಯಾಂಕು ಹೋಯಿತು, ಬಸ್ ಸ್ಟಾಪ್ ಪರ್ಮನೆಂಟ್. ಬಿನ್ನಿ ಮಿಲ್ಲಿನದೂ ಇದೇ ಕಥೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ. ಅಲ್ಲಿ ಎಸ್ಕಲೇಟರ್ ಹತ್ತುವಾಗ ನನ್ನ ಹೆಂಡತಿ ಈಗಲೂ "ಮಿಲ್ಲಿನ ಹತ್ರ ಇದ್ದೀವಿ" ಎಂದೇ ಫೋನಿನಲ್ಲಿ ಹೇಳುತ್ತಾಳೆ.

2023ರ ಶ್ರಾವಣ. ನಾವು ಬಸವನಗುಡಿಗೆ ಬಂದು ಬಹಳ ವರ್ಷವಾಗಿತ್ತು, ನಲ್ಲಿಯೂ ಒಳಗೆ ಬಂದಿತ್ತು. ಗಾಂಧಿಬಜಾರಿನ ರಸ್ತೆ ಅಗೆದು ಹಾಕಿದ್ದ ಕಾಲ. ಬೆಳಗ್ಗೆ ಹನ್ನೊಂದಕ್ಕೆ ಚಪ್ಪಲಿ ತುಂಬಾ ಕೆಮ್ಮಣ್ಣು ಮೆತ್ತಿಕೊಂಡ ಒಬ್ಬಳು ಹುಡುಗಿ ಗೇಟಿನಲ್ಲಿ ನಿಂತು ಗುರುತಿನ ಚೀಟಿ ತೋರಿಸಿದಳು. ನಮ್ಮ ಬ್ಲಾಕಿನಲ್ಲಿ ಎಂಟೇ ಎಂಟು ಮನೆ ಆಯ್ಕೆಯಾಗಿವೆ, ಅದರಲ್ಲಿ ನಮ್ಮದೂ ಒಂದು ಎಂದಳು. ಲಾಟರಿ ಹೊಡೆದಂತೆ ನನ್ನ ಹೆಂಡತಿ ಮುಖ ಅರಳಿಸಿದಳು. ಎದುರುಮನೆಯವರು ಕಾಂಪೌಂಡಿಗೆ ಬಂದು, "ಅವರ ಮನೆ ಯಾಕೆ, ನಮ್ಮ ಮನೆ ಯಾಕಿಲ್ಲ?" ಎಂದು ವಿಚಾರಿಸಿದರು. ಮನೆಯಲ್ಲಿ ಎಸೆಸೆಲ್ಸಿ ದಾಟಿದವರು ಎಷ್ಟು ಮಂದಿ ಎಂದು ನೋಡಿ ಗುಂಪು ಮಾಡಿ, ಗುಂಪಿನಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದರಂತೆ. ಎದುರುಮನೆಯವರ ಮೂವರು ಮಕ್ಕಳು ಅಮೆರಿಕದಲ್ಲಿದ್ದಾರೆ. ಅಷ್ಟೊಂದು ಓದಿಸಿಯೂ ಲೆಕ್ಕಕ್ಕೆ ಸಿಗಲಿಲ್ಲವಲ್ಲ ಎಂದು ಅವರಿಗೆ ಆ ದಿನವೆಲ್ಲ ಬೇಜಾರು.

"ಮನೆ ಯಜಮಾನರು ಯಾರು ಸರ್?"

ಇದು ಮೊದಲ ಪ್ರಶ್ನೆ, ಇಲ್ಲೇ ಎಡವಿದೆವು. ನಾನು "ನಾನೇ" ಎನ್ನುವಷ್ಟರಲ್ಲಿ ಒಳಗಿನಿಂದ ಅಮ್ಮ ಕೆಮ್ಮಿದಳು. ಅದು ಗೃಹಲಕ್ಷ್ಮಿ ಯೋಜನೆ ಶುರುವಾದ ತಿಂಗಳು. ತಿಂಗಳಿಗೆ 2,000 ರೂಪಾಯಿ ಬರುತ್ತದೆ ಎಂದಾದ ಮೇಲೆ ಯಜಮಾನಿ ಎಂಬ ಪದಕ್ಕೆ ನಾಡಿನಲ್ಲೆಲ್ಲ ಹಠಾತ್ತನೆ ಬೆಲೆ ಬಂದಿತ್ತು. ತೆರಿಗೆ ಕಟ್ಟುವ ನಮ್ಮಂಥವರಿಗೆ ಆ ದುಡ್ಡು ಇಲ್ಲ, ಆದರೆ ಪದವಿಯ ಆಸೆಯನ್ನು ಬಿಡುವವರು ಯಾರು? ಕೊನೆಗೆ 86 ವರ್ಷದ ಅಮ್ಮನನ್ನೇ ಯಜಮಾನಿ ಎಂದು ಬರೆಸಿ ನಾನು "ಮಗ" ಎಂಬ ಸಾಲಿಗೆ ಇಳಿದೆ.

ಆಮೇಲೆ ಒಬ್ಬೊಬ್ಬರ ತಲೆಗೂ ಒಂದೊಂದು ಕೋಡು ಹಚ್ಚುವ ಕೆಲಸ. ಕೋಡು ಎಂದರೆ ಸಂಖ್ಯೆ. ತಿಂಗಳ ಸಂಬಳದವರು 31. ಕೂಲಿಯವರು 51. ಕೆಲಸ ಹುಡುಕುವವರು 81, ಓದುವವರು 91. ನಾನು ಪೆನ್ಷನ್ನಿನವನು, 94. ಆ 94ರೊಳಗೆ ಬಾಡಿಗೆ ತಿನ್ನುವವರೂ ಇದ್ದಾರೆ, ಮಕ್ಕಳು ಕಳಿಸಿದ ದುಡ್ಡಿನಲ್ಲಿ ಇರುವವರೂ ಇದ್ದಾರೆ. ನನಗನ್ನಿಸುತ್ತದೆ, ಬಸವನಗುಡಿಯ ಪಿನ್ ಕೋಡು 560004 ಎಂದು ಇಟ್ಟವರು ಅವಸರ ಮಾಡಿದರು. ಬರೀ 94 ಎಂದಿದ್ದರೂ ಟಪಾಲು ಬರುತ್ತಿತ್ತು.

ಮಗ ಐ.ಟಿ. ಕಂಪನಿಯಲ್ಲಿದ್ದ, 31. ಅವನಿಗೆ ಕೇಳಿದ ಪ್ರಶ್ನೆಗಳು ಸೋದರಮಾವನ ಪ್ರಶ್ನೆಯ ಸರ್ಕಾರಿ ಆವೃತ್ತಿ: ಕೆಲಸಕ್ಕೆ ಬರಹದ ಕರಾರು ಇದೆಯೇ? ಸಂಬಳ ಸಹಿತ ರಜೆ ಇದೆಯೇ? ಪಿ.ಎಫ್., ಗ್ರಾಚ್ಯುಟಿ, ಆಸ್ಪತ್ರೆ ಖರ್ಚು? ಎಲ್ಲಕ್ಕೂ ಹೂಂ ಎಂದ. ಟ್ಯಾಬ್ಲೆಟ್ಟಿನಲ್ಲಿ ನಮ್ಮ ಮನೆಯ ಅತಿ ಭದ್ರ ಮನುಷ್ಯ ಅವನೇ.

ಹೆಂಡತಿಗೆ 92. ಮನೆಗೆಲಸ ಮಾತ್ರ. ಮನೆಗೆ ಬೇಕಾದ ಹೊಲಿಗೆ, ಸೌದೆ ತರುವುದು ಇತ್ಯಾದಿ ಇದ್ದರೆ 93. "ಸೀರೆಗೆ ಫಾಲ್ಸ್ ಹಚ್ಕೋತೀನಲ್ಲ, ಅದು?" ಎಂದು ಅವಳು ಬಡ್ತಿಗಾಗಿ ವಾದಿಸಿದಳು. ನಾನು ನಡುವೆ ಬಾಯಿ ಹಾಕಿ, 2019ರಲ್ಲಿ ಸರ್ಕಾರ ಜನ ಸಮಯವನ್ನು ಹೇಗೆ ಕಳೆಯುತ್ತಾರೆಂದೂ ಸಮೀಕ್ಷೆ ಮಾಡಿತ್ತು, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರಂತೆ ಎಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಹೇಳಬಾರದಿತ್ತು.

"ಯಾರ್ರೀ ಆ 97 ನಿಮಿಷದವರು? ವಿಳಾಸ ಇದ್ರೆ ಕೊಡಿ, ನೋಡ್ಕೊಂಡು ಬರ್ತೀನಿ."

ಅಮ್ಮನ ಸರದಿ. "ನಾನೇನ್ ಕೆಲಸ ಮಾಡ್ತೀನಮ್ಮ, ಸುಮ್ನೆ ಕೂತಿರ್ತೀನಿ" ಎಂದಳು. ಹುಡುಗಿ ಮೂಗರಳಿಸಿದಳು. ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು ಇನ್ನೂ ಇತ್ತು.

"ಚಟ್ನಿಪುಡಿನಾ ಅಜ್ಜಿ? ಮನೆಗಾ?"

"ಮನೆಗೇ. ಮಿಕ್ಕಿದ್ದು ಕಾಂಡಿಮೆಂಟ್ಸ್ ಅಂಗಡಿಗೆ."

"ಎಷ್ಟು ಮಿಕ್ಕುತ್ತೆ?"

"ನಾಲ್ಕು ಕೇಜಿ."

"ಮನೆಗೆಷ್ಟು ಅಜ್ಜಿ?"

"ಕಾಲು ಕೇಜಿ."

ವಾರಕ್ಕೊಂದು ದಿನದಂತೆ ಹಿಡಿದರೂ ವರ್ಷಕ್ಕೆ ಮೂವತ್ತು ದಿನ ಮೀರುತ್ತದೆ, ಆದ್ದರಿಂದ ಮುಖ್ಯ ಚಟುವಟಿಕೆ ಮನೆಗೆಲಸವೇ ಆದರೂ ಉಪ ಚಟುವಟಿಕೆ ಸ್ವಂತ ಉದ್ಯೋಗ ಎಂದು ಹುಡುಗಿ ವಿವರಿಸಿದಳು. ಕೋಡು 11. ಹೀಗೆ ಎಂಬತ್ತಾರನೆಯ ವಯಸ್ಸಿನಲ್ಲಿ ಅಮ್ಮ ಭಾರತ ಸರ್ಕಾರದ ದೃಷ್ಟಿಯಲ್ಲಿ ದುಡಿಯುವವಳಾದಳು. ಮನೆಯಲ್ಲಿದ್ದ ನಾಲ್ವರಲ್ಲಿ ಕೆಲಸವೇ ಇಲ್ಲದವನು ಎಂದರೆ ಯಜಮಾನನಾಗಲು ಹೊರಟಿದ್ದ ನಾನು.

ಅಮ್ಮ ಸುಮ್ಮನೆ ಬಿಡಲಿಲ್ಲ. ಟ್ಯಾಬ್ಲೆಟ್ ಮುಚ್ಚುತ್ತಿದ್ದಂತೆ ತನ್ನ ಸಮೀಕ್ಷೆ ತೆಗೆದಳು. ಯಾವೂರು? ತಿಪಟೂರಿನ ಹತ್ತಿರ. ತೋಟ ಇದೆಯಾ? ಅಪ್ಪನದು ಒಂದೂವರೆ ಎಕರೆ. ಕೊಬ್ಬರಿ ಈಗ ಕ್ವಿಂಟಾಲಿಗೆ ಎಷ್ಟು? ಇಲ್ಲಿ ರೂಮು ಮಾಡಿದ್ದೀಯೋ, ಪೀಜಿಯೋ? ಕೊನೆಗೆ ಬಂತು ಆ ಪ್ರಶ್ನೆ. "ಕೆಲಸ ಪರ್ಮನೆಂಟಾ?"

"ಏಜೆನ್ಸಿ ಕಡೆಯಿಂದ ಅಜ್ಜಿ, ಕಾಂಟ್ರಾಕ್ಟು" ಎಂದು ಹುಡುಗಿ ನಕ್ಕಳು. ಮೂರು ತಿಂಗಳು ಬಿಟ್ಟು ಮತ್ತೆ ಬರುತ್ತೇನೆ, ಪಟ್ಟಣದ ಮನೆಗಳಿಗೆ ನಾಲ್ಕು ಸಲ ಬರಬೇಕು ಎಂದಳು. "ಕಾಂಟ್ರಾಕ್ಟಾದರೂ ಬರೋದು ಪರ್ಮನೆಂಟು" ಎಂದು ಅಮ್ಮ ಸಮಾಧಾನಪಟ್ಟಳು.

ಎರಡನೆಯ ಭೇಟಿ ಡಿಸೆಂಬರಿನಲ್ಲಿ, ಕಡಲೆಕಾಯಿ ಪರಿಷೆಯ ಗಲಾಟೆಯ ನಡುವೆ. ಬುಲ್ ಟೆಂಪಲ್ ರಸ್ತೆಯಲ್ಲಿ ಸಿಪ್ಪೆ ತುಳಿಯದೆ ನಡೆಯುವ ಹಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದಿತ್ತು. ಅಕ್ಟೋಬರಿನ ಒಂದು ಬೆಳಗ್ಗೆ ಮಗನಿಗೆ ಒಂದು ಮೇಲ್ ಬಂತು. ಹದಿನೈದು ನಿಮಿಷದ ಮೀಟಿಂಗ್, ಆಮೇಲೆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಬರಹದ ಕರಾರು ಇತ್ತು, ಗ್ರಾಚ್ಯುಟಿ ಇತ್ತು, ಕೆಲಸ ಇರಲಿಲ್ಲ. ಅವನು ನಮ್ಮಿಬ್ಬರಿಗೆ ಹೇಳಿದ. ಅಮ್ಮನಿಗೆ ಹೇಳುವುದು ಬೇಡ ಎಂದು ಮೂವರೂ ಒಪ್ಪಿಕೊಂಡೆವು.

ಹುಡುಗಿ ಕೂತಳು. "ಮಗ ಕೆಲಸದಲ್ಲೇ ಇದ್ದಾರಲ್ವಾ?"

"ವರ್ಕ್ ಫ್ರಮ್ ಹೋಮು" ಎಂದಳು ನನ್ನ ಹೆಂಡತಿ, ಕಣ್ಣು ಮಿಟುಕಿಸದೆ.

ಸೋದರಮಾವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಸರ್ಕಾರದ ಪ್ರಶ್ನೆ ಹಾಗಲ್ಲ. ಹಿಂದಿನ ಏಳು ದಿನಗಳಲ್ಲಿ ಒಂದೊಂದು ದಿನವನ್ನೂ ಬಿಡಿಸಿ ಕೇಳುತ್ತಾರೆ. ನಿನ್ನೆ ಎಷ್ಟು ಗಂಟೆ? ಮೊನ್ನೆ? ಶನಿವಾರ? ಒಂದು ಸುಳ್ಳನ್ನು ಹೇಳಬಹುದು. ಏಳು ದಿನದ ಸುಳ್ಳನ್ನು ಗಂಟೆ ಲೆಕ್ಕದಲ್ಲಿ ಹೇಳಲು ಅಭ್ಯಾಸ ಬೇಕು. ಗುರುವಾರದ ಹೊತ್ತಿಗೆ ಹೆಂಡತಿಯ ದನಿ ಸಣ್ಣಗಾಯಿತು. ಮಗ ರೂಮಿನಿಂದ ಹೊರಗೆ ಬಂದು, "ಇಲ್ಲ ಮೇಡಂ, ಕೆಲಸ ಹೋಗಿದೆ" ಎಂದ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ನನಗೇನ್ ಗೊತ್ತಿರಲಿಲ್ವೇನೋ? ದಸರಾ ಕಳೆದ ಮೇಲೆ ಇಸ್ತ್ರಿಯವನಿಗೆ ಒಂದು ಶರ್ಟೂ ಹೋಗಿಲ್ಲ."

ಮಹಲನೋಬಿಸ್ ಇದ್ದಿದ್ದರೆ ಇಸ್ತ್ರಿ ಬಟ್ಟೆಯ ಕಾಲಮ್ಮೊಂದನ್ನು ಸೇರಿಸಿಕೊಳ್ಳುತ್ತಿದ್ದರೋ ಏನೋ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಾರದಲ್ಲಿ ಯಾವುದೇ ದಿನ ಒಂದು ಗಂಟೆಯಾದರೂ ದುಡ್ಡಿನ ಕೆಲಸ ಮಾಡಿದ್ದೀರಾ ಎಂದು ಹುಡುಗಿ ಕೇಳಿದಳು. ಮಗ ಯೋಚಿಸಿ, ಮಂಗಳವಾರ ಜೆರಾಕ್ಸ್ ಅಂಗಡಿಯವರ ಕಂಪ್ಯೂಟರಿಗೆ ಪ್ರಿಂಟರ್ ಕೂರಿಸಿಕೊಟ್ಟೆ, 600 ರೂಪಾಯಿ ಕೊಟ್ಟರು, ಒಂದೂಕಾಲು ಗಂಟೆ ಹಿಡಿಯಿತು ಎಂದ. ಅಷ್ಟು ಸಾಕು. ಏಳು ದಿನದಲ್ಲಿ ಒಂದು ಗಂಟೆ ದುಡಿದವನು ವಾರದ ಲೆಕ್ಕದಲ್ಲಿ ದುಡಿಯುವವನೇ. ದೇಶಕ್ಕೆಲ್ಲ, ಲೋಕಕ್ಕೆಲ್ಲ ಒಂದೇ ಅಳತೆಯಂತೆ. 2017-18ರ ಮೊದಲ ವರದಿಯಲ್ಲಿ ನಿರುದ್ಯೋಗ ನೂರಕ್ಕೆ 6.1 ಎಂದು ಬಂದಾಗ ಪತ್ರಿಕೆಗಳಲ್ಲಿ ಎಷ್ಟು ಗದ್ದಲವಾಗಿತ್ತು! ನಮ್ಮ ಮನೆಯಿಂದ ಈ ಸಲದ ನಿರುದ್ಯೋಗದ ಲೆಕ್ಕಕ್ಕೆ ಒಂದು ಕೂದಲೆಳೆಯೂ ಸೇರದಂತೆ ಜೆರಾಕ್ಸ್ ಅಂಗಡಿಯ ಪ್ರಿಂಟರ್ ತಡೆಯಿತು.

"ಅಂದ್ರೆ ಕೆಲಸ ಹೋಗಿಲ್ಲ ಅಂತ ಸರ್ಕಾರವೇ ಬರ್ಕೊಂಡಿದೆ" ಎಂದು ಅಮ್ಮ ಎದುರುಮನೆಯವರಿಗೆ ಹೇಳಿದಳು. ನಾವು ತಿದ್ದಲಿಲ್ಲ.

ಆ ರಾತ್ರಿ ನನಗೆ 1981 ನೆನಪಾಯಿತು. ಅಪ್ಪ ಬೆಂಗಳೂರಿನ ಆಗಿನ ದೊಡ್ಡ ಸರ್ಕಾರಿ ಫ್ಯಾಕ್ಟರಿಗಳಲ್ಲೊಂದರಲ್ಲಿ ಫಿಟ್ಟರ್. ಬೆಳಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ಸು ಮಕ್ಕಳ ಕೂಟದ ಹತ್ತಿರ ನಿಲ್ಲುತ್ತಿತ್ತು. ಆ ಬಸ್ಸು ಹತ್ತುವವನಿಗೆ ಹೆಣ್ಣು ಕೊಡಲು ಜನ ಕ್ಯೂ ನಿಲ್ಲುತ್ತಿದ್ದರು. 1980ರ ಡಿಸೆಂಬರ್ ಕೊನೆಗೆ ಆ ಫ್ಯಾಕ್ಟರಿಗಳಲ್ಲೆಲ್ಲ ಮುಷ್ಕರ. ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು, 77 ದಿನ. ಪರ್ಮನೆಂಟ್ ಕೆಲಸ, ಸಂಬಳ ಮಾತ್ರ ಇಲ್ಲ. ಮೊದಲ ತಿಂಗಳು ಶೆಟ್ಟರ ಅಂಗಡಿಯ ಪುಸ್ತಕದಲ್ಲಿ "ಬರ್ಕೊಳ್ಳಿ" ಎಂದು ಕಳೆಯಿತು. ಎರಡನೆಯ ತಿಂಗಳು ಅಮ್ಮನ ಎರಡು ಬಳೆ ಮಾರ್ವಾಡಿ ಅಂಗಡಿಗೆ ಹೋದವು. ವಠಾರದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಲೋಟದಲ್ಲಿ ಕಾಫಿಪುಡಿ ಹೋಗುವುದು, ಬರುವುದು ಇದ್ದದ್ದೇ. ಆಗ ನಮ್ಮ ಮನೆಗೆ ಬರುತ್ತಿತ್ತು, ಹೋಗುತ್ತಿರಲಿಲ್ಲ. ಯಾರೂ ಆಡಿಕೊಳ್ಳಲಿಲ್ಲ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಆಡಿಕೊಂಡರು. ಆಡಿಕೊಂಡವರೇ ಸಂಜೆ ಹುಳಿ ತಂದುಕೊಟ್ಟರು.

ಚಟ್ನಿಪುಡಿ ಶುರುವಾದದ್ದು ಆಗ. ಮಧ್ಯಾಹ್ನ ಒರಳಿನ ಸದ್ದು ಕೇಳಿ ಪಕ್ಕದವರು ವಿಚಾರಿಸಿದರೆ "ಊರಿಂದ ಬರ್ತಾರೆ" ಎನ್ನುವಳು. ಊರಿನಿಂದ ಯಾರೂ ಬರಲಿಲ್ಲ. ಪುಡಿ ಗಾಂಧಿಬಜಾರಿನ ಒಂದು ಅಂಗಡಿಗೆ ಹೋಗುತ್ತಿತ್ತು. ಒಯ್ಯುತ್ತಿದ್ದವನು ನಾನು. ನ್ಯಾಷನಲ್ ಕಾಲೇಜಿಗೆ ಹೋಗುವ ಚೀಲದಲ್ಲಿ, ಕೆಮಿಸ್ಟ್ರಿ ರೆಕಾರ್ಡಿನ ಕೆಳಗೆ, ಪೇಪರಿನಲ್ಲಿ ಸುತ್ತಿದ ಎರಡು ಪೊಟ್ಟಣ. ನನ್ನ ರೆಕಾರ್ಡು ವರ್ಷವಿಡೀ ಇಂಗಿನ ವಾಸನೆ ಹೊಡೆಯುತ್ತಿತ್ತು. ಲ್ಯಾಬಿನಲ್ಲಿ ಅದನ್ನು ಯಾವುದೋ ಗಂಧಕದ ಲವಣ ಎಂದು ತಿಳಿದಿರಬೇಕು. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ, ಕೊನೆಯವರೆಗೂ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮುಷ್ಕರ ಮುಗಿಯಿತು, ಸಂಬಳ ಬಂತು, ಬಳೆಯೂ ಬಂತು. ಒರಳು ಮಾತ್ರ ನಿಲ್ಲಲಿಲ್ಲ. ಆಮೇಲೆ ಮಿಕ್ಸಿ ಬಂತು, ಅದೂ ನಿಲ್ಲಲಿಲ್ಲ. ನಲವತ್ತೆರಡು ವರ್ಷ.

ಜಿನೀವಾದವರಿಗೆ ಈ ವಿಷಯ ಹೊಳೆದದ್ದು ತಡವಾಗಿ. ಗೈ ಸ್ಟ್ಯಾಂಡಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿದ್ದಾಗ, ಕೆಲಸ ಇದೆಯೋ ಇಲ್ಲವೋ ಎಂದಷ್ಟೇ ಕೇಳಿದರೆ ಸಾಲದು, ಮನುಷ್ಯನಿಗೆ ಎಷ್ಟು ನೆಮ್ಮದಿ ಇದೆ ಎಂದು ಮನೆಮನೆಗೆ ಹೋಗಿ ಕೇಳಬೇಕು ಎಂದು ಜನರ ಭದ್ರತೆಯ ಸಮೀಕ್ಷೆಗಳನ್ನು ಹಲವು ದೇಶಗಳಲ್ಲಿ ಮಾಡಿಸಿದರು. ನಮ್ಮ ದೇಶದಲ್ಲಿ ಗುಜರಾತಿನಲ್ಲಿ ನಡೆಯಿತು, ಸೇವಾ ಎಂಬ ಹೆಣ್ಣುಮಕ್ಕಳ ಸಂಘದ ಜೊತೆ. 2004ರಲ್ಲಿ ದಪ್ಪ ವರದಿಯೂ ಬಂತು. ಕೆಲಸಕ್ಕೆ ಸಂಬಂಧಿಸಿದ ಭದ್ರತೆ ಏಳು ಬಗೆ ಎಂದು ಅವರ ಲೆಕ್ಕ. ಆದಾಯದ್ದು ಒಂದು, ಕೆಲಸದಿಂದ ಸುಮ್ಮನೆ ತೆಗೆಯದಿರುವುದು ಒಂದು, ಹೀಗೆ. ನನಗೆ ಹಿಡಿಸಿದ್ದು ಕೊನೆಯದು, ಒಟ್ಟಾಗಿ ನಿಂತು ಮಾತಾಡುವ ಭದ್ರತೆ. ಅಪ್ಪನಿಗೆ ಸಂಬಳವಿಲ್ಲದ 77 ದಿನವೂ ಅದಿತ್ತು. ದಿನಾ ಬೆಳಗ್ಗೆ ಶೇವ್ ಮಾಡಿಕೊಂಡು ಯೂನಿಯನ್ ಸಭೆಗೆ ಹೋಗುತ್ತಿದ್ದ, ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಮಗನಿಗೆ ಅಪ್ಪನ ನಾಲ್ಕು ಪಟ್ಟು ಬೆಲೆಯ ಶರ್ಟುಗಳಿದ್ದವು. ಕೂಗಲು ಯಾರೂ ಇರಲಿಲ್ಲ. ಅವನ ಜೊತೆ ಕೆಲಸ ಕಳೆದುಕೊಂಡವರ ಹೆಸರೂ ಅವನಿಗೆ ಗೊತ್ತಿರಲಿಲ್ಲ, ಕ್ಯಾಮೆರಾ ಆಫ್ ಇತ್ತಂತೆ.

ಮೂರನೆಯ ಭೇಟಿ ಶಿವರಾತ್ರಿಯ ಆಸುಪಾಸು, ಊರಿನಲ್ಲೆಲ್ಲ ನೀರಿನ ಟ್ಯಾಂಕರಿನದೇ ಮಾತು. ಆ ವಾರ ಯಾರ ಪ್ರಿಂಟರೂ ಕೆಟ್ಟಿರಲಿಲ್ಲ. ಮಗನಿಗೆ 81. ಹುಡುಗಿ ಒತ್ತುವ ಮುಂಚೆ ಒಂದು ಕ್ಷಣ ತಡೆದಳು, "ಹೋದ ವಾರ ಏನಾದರೂ... ಒಂದು ಗಂಟೆ?" ಎಂದು ಕೇಳಿದಳು. ಹಾಗೆ ಚೌಕಾಸಿ ಮಾಡುವಂತಿಲ್ಲ ಎಂದು ನನಗೂ ಗೊತ್ತು. ಇಲ್ಲ ಎಂದ. ಆವತ್ತು ಯಾರೂ ತಮಾಷೆ ಮಾಡಲಿಲ್ಲ. ಅಮ್ಮ ಅವಳಿಗೊಂದು ಪೊಟ್ಟಣ ಕೊಡಲು ಹೋದಳು. ಮನೆಯವರಿಂದ ಏನೂ ತೆಗೆದುಕೊಳ್ಳಬಾರದು ಅಜ್ಜಿ ಎಂದು ಕೈ ಹಿಂದೆ ಕಟ್ಟಿಕೊಂಡಳು. "ಕಡೇ ಸಲ ಬರ್ತೀಯಲ್ಲ, ಆಗ ತಗೊಂಡು ಹೋಗು" ಎಂದು ಅಮ್ಮ ಗಡುವು ಹಾಕಿದಳು.

ಏಪ್ರಿಲಿನಲ್ಲಿ ಮನೆಯಲ್ಲಿ ಕೂತು ಬೇಸತ್ತ ಮಗ ಅಜ್ಜಿಯ ಪುಡಿಗೆ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದ. ಮೊದಲು ನೆಂಟರು, ಆಮೇಲೆ ನೆಂಟರ ಅಪಾರ್ಟ್‌ಮೆಂಟಿನವರು. ನಾಲ್ಕು ಕೇಜಿ ಹದಿನೈದಾಯಿತು. ಬಿಸಿಲಿದ್ದದ್ದರಿಂದ ಅರಳು ಸಂಡಿಗೆಯೂ ಸೇರಿತು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಕಾಗೆ ಓಡಿಸುತ್ತಾ, ಇಂಜಿನಿಯರು ಫೋನಿನಲ್ಲಿ ಆರ್ಡರು ಬರೆದುಕೊಳ್ಳುತ್ತಿದ್ದ. ಮೊಮ್ಮಗನಿಗೆ ಅಜ್ಜಿ ಸಂಬಳವೇನೂ ಕೊಡಲಿಲ್ಲ, "ಊಟ ಹಾಕ್ತೀನಲ್ಲ" ಎಂದಳು.

ಜೂನ್ ಮೊದಲ ವಾರ ಹುಡುಗಿ ನಾಲ್ಕನೆಯ ಸಲ ಬಂದಳು, ಎಲ್ಲ ಕೇಳಿದಳು, ಹುಡುಕಿ ಒಂದು ಕೋಡು ಒತ್ತಿದಳು.

"21, ಸರ್. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕ."

ಮಗ ನಕ್ಕ. ನನಗೆ ನಗು ಬರಲಿಲ್ಲ. ನಾನು ಆ ಕೋಡನ್ನು ಕೆಮಿಸ್ಟ್ರಿ ರೆಕಾರ್ಡಿನ ಕೆಳಗೆ ಒಂದು ವರ್ಷ ಹೊತ್ತಿದ್ದೆ. ಆಗ ಯಾರಾದರೂ ಬಂದು ಕೇಳಿದ್ದರೆ ಅಮ್ಮ ಖಂಡಿತ ಹೇಳುತ್ತಿದ್ದಳು: ಹುಡುಗ ಓದ್ತಿದ್ದಾನೆ, ಯಜಮಾನರದ್ದು ಪರ್ಮನೆಂಟು, ನಾನು ಸುಮ್ನೆ ಕೂತಿರ್ತೀನಿ.

ಪೊಟ್ಟಣವನ್ನು ಹುಡುಗಿ ಈ ಸಲವೂ ಮುಟ್ಟಲಿಲ್ಲ. ನಿಯಮ. ಕೊಡಬಾರದು ಎಂಬ ನಿಯಮ ಇರಲಿಲ್ಲವೋ ಏನೋ, ಬ್ಯಾಗಿನಿಂದ ಎರಡು ಕೇಜಿ ಕೊಬ್ಬರಿ ತೆಗೆದು ಅಮ್ಮನ ಮುಂದಿಟ್ಟಳು, ತೋಟದ್ದು ಎಂದಳು. ಅಮ್ಮ ಒಂದು ಬಟ್ಟಲನ್ನು ಎತ್ತಿ, ಉಗುರಿನಿಂದ ಗೀರಿ, ಮೂಸಿ, ಹಠ ಮಾಡಿ ಪೇಟೆಯ ರೇಟು ಕೊಟ್ಟಳು.

ಮಗನಿಗೆ ಆಗಸ್ಟಿನಲ್ಲಿ ಕೆಲಸ ಸಿಕ್ಕಿತು. ಅದನ್ನು ಬರೆದುಕೊಳ್ಳಲು ಯಾರೂ ಬರಲಿಲ್ಲ. ಸರ್ಕಾರದ ಕಡತದಲ್ಲಿ ಅವನಿನ್ನೂ ಕಾಗೆ ಓಡಿಸುತ್ತಿದ್ದಾನೆ. ಸೆಪ್ಟೆಂಬರಿನಲ್ಲಿ ಅಮ್ಮ ಕ್ಯಾಲೆಂಡರ್ ನೋಡಿ, "ಮೂರು ತಿಂಗಳಾಯ್ತು, ಆ ಹುಡುಗಿ ಬರಲಿಲ್ಲವಲ್ಲೋ" ಎಂದಳು. ನಮ್ಮ ಸ್ಯಾಂಪಲ್ ಮುಗಿಯಿತಮ್ಮ, ಇನ್ನು ಬೇರೆ ಎಂಟು ಮನೆ ಎಂದೆ.

"ಸ್ಯಾಂಪಲ್ಲೇ ತಗೊಂಡು ಹೋಗಲಿಲ್ಲವಲ್ಲೋ ಅವಳು" ಎಂದು ಅಮ್ಮ ಅಲಮಾರದಿಂದ ಪೊಟ್ಟಣ ತೆಗೆದು ಮೂಸಿದಳು. ಕೊಬ್ಬರಿ ಕಮಟಾಗಿತ್ತು. ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಬಾಂಡಲೆ ಒಲೆಗೇರಿಸಿದಳು.